ಕಂಪೈಲ್ ಆದಮೇಲಿನ ಮಾತು



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರ ತರಗತಿಯಲ್ಲಿ ಕೂರುವ ಯೋಗ ನನಗಿರಲಿಲ್ಲ. ನಾನು ಅವರ ಶಿಷ್ಯರ ಶಿಷ್ಯ. ಪಾಲಿಟೆಕ್ನಿಕ್ಕಿನಲ್ಲಿ ಅವರು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನು ಮೇಜಿನ ಮೇಲೆ ಬಿಚ್ಚಿ ಹರಡಿ, ಮರಳಿ ಜೋಡಿಸುವ ತನಕ ಯಾರನ್ನೂ ಊಟಕ್ಕೆ ಬಿಡುತ್ತಿರಲಿಲ್ಲವಂತೆ. ಅವರ ಹೆಸರಿನ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ನನ್ನ ಪಾಲಿಗೆ ದೊಡ್ಡ ಗೌರವ.

ಅವರು ರಿಲೇ ಬಿಚ್ಚಿದಂತೆ ಇಂದು ನಾನು ಬಿಚ್ಚಲಿರುವುದು ಮೊಬೈಲ್ ಕೋರ್. ಅದೇನೆಂದು ವಿವರಿಸುತ್ತಾ ಕೂರುವುದಿಲ್ಲ. ಟವರಿನ ಹಿಂದಿದ್ದು, ಸಿಮ್ ಸಾಚಾವೋ ಎಂದು ನೋಡಿ, ಡೇಟಾಕ್ಕೆ ದಾರಿ ತೋರಿಸುವ ವ್ಯವಸ್ಥೆ ಅದು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯಲ್ಲಿ ಕೋರ್ ಸಿ-ಡಾಟ್‌ನದು, ರೇಡಿಯೋ ನಮ್ಮ ಬೆಂಗಳೂರಿನ ತೇಜಸ್‌ನದು. ಅಂಥದ್ದನ್ನು ವಿದ್ಯಾರ್ಥಿಯೊಬ್ಬ ಬಿಚ್ಚಿ ನೋಡುವಂತಿಲ್ಲ. ಬಿಚ್ಚಲು ಸಿಗುವುದು ಓಪನ್5ಜಿಎಸ್‌ನಂಥ ಮುಕ್ತ ತಂತ್ರಾಂಶ. ಅದು ಸಿ ಭಾಷೆಯದು. ಮೆಸನ್ ಸಿದ್ಧತೆ ಮಾಡುತ್ತದೆ, ನಿಂಜಾ ಕಟ್ಟುತ್ತದೆ, ಚಂದಾದಾರರ ವಿವರ ಮಾಂಗೋಡಿಬಿಯಲ್ಲಿರುತ್ತದೆ. ಆಜ್ಞೆಗಳೆಲ್ಲ ಅದರ ಕೈಪಿಡಿಯಲ್ಲಿವೆ, ಓದಿಕೊಳ್ಳಿ.

ನನ್ನ ತಕರಾರು ಕಂಪೈಲ್ ಆದಮೇಲೆ ಶುರುವಾಗುತ್ತದೆ. ಲಿನಕ್ಸ್, ಫ್ರೀಬಿಎಸ್‌ಡಿ, ಮ್ಯಾಕ್ ಮೂರೂ ಯುನಿಕ್ಸ್ ಕುಲದವೇ, ಒಂದರಲ್ಲಿ ಕಟ್ಟಿದ್ದು ಇನ್ನೊಂದರಲ್ಲೂ ಆದೀತು ಎಂಬ ನಂಬಿಕೆಯಿದೆ. ನಾನೂ ನಂಬಿದ್ದೆ. ಫ್ರೀಬಿಎಸ್‌ಡಿ ಯಂತ್ರದಲ್ಲಿ ನಿಂಜಾ ತಕರಾರಿಲ್ಲದೆ ಮುಗಿಯಿತು. ಕೋರ್‌ನ ಘಟಕಗಳಲ್ಲೊಂದಾದ ಎನ್‌ಆರ್‌ಎಫ್ ಚಾಲೂ ಮಾಡಿದ ಕ್ಷಣವೇ ವಿಳಾಸ ಸಿಗುತ್ತಿಲ್ಲವೆಂದು ಬಿದ್ದುಹೋಯಿತು. ಎರಡು ದಿನ ಸೋರ್ಸ್ ಜಾಲಾಡಿದೆ. ತಪ್ಪು ಸೋರ್ಸಿನದಲ್ಲ. ಓಪನ್5ಜಿಎಸ್ ಒಂದೇ ಯಂತ್ರದೊಳಗೆ ಒಂದೊಂದು ಘಟಕಕ್ಕೂ ಒಂದೊಂದು ಲೂಪ್‌ಬ್ಯಾಕ್ ವಿಳಾಸ ಹಂಚುತ್ತದೆ: ಎಎಮ್‌ಎಫ್‌ಗೆ 127.0.0.5, ಎನ್‌ಆರ್‌ಎಫ್‌ಗೆ 127.0.0.10. ಲಿನಕ್ಸ್ 127ರಿಂದ ಶುರುವಾಗುವ ಇಡೀ ಕೇರಿಯನ್ನೇ ತನ್ನದೆನ್ನುತ್ತದೆ. ಫ್ರೀಬಿಎಸ್‌ಡಿ, ಮ್ಯಾಕ್‌ಗಳಿಗೆ ಗೊತ್ತಿರುವುದು 127.0.0.1 ಎಂಬ ಒಂದೇ ಮನೆ. ಉಳಿದವನ್ನು ನಾವೇ ಒಂದೊಂದಾಗಿ ಅಲಿಯಾಸ್ ಕೊಟ್ಟು ಸೇರಿಸಬೇಕು. ಇದೂ ಕೈಪಿಡಿಯಲ್ಲೇ ಇದೆ. ಓದದೆ ಹಾರಿಸಿದವನು ನಾನು!

"ಇಷ್ಟೆಲ್ಲ ಯಾಕೆ, ಕಂಟೈನರ್ ಇಳಿಸಿ ಓಡಿಸಿ" ಎನ್ನುವ ಪಂಡಿತರಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ, ಅವರ ವಾದದ ಮೇಲಿಲ್ಲ. ಕಂಟೈನರ್ ಲೈಬ್ರರಿಗಳನ್ನು ಹೊತ್ತು ತರುತ್ತದೆ, ಕರ್ನಲ್ಲನ್ನು ತರುವುದಿಲ್ಲ. ಕೋರ್‌ನ ಕಷ್ಟಗಳೆಲ್ಲ ಇರುವುದು ಕರ್ನಲ್ಲಿನ ಹೊಸ್ತಿಲಲ್ಲಿ. "ಮ್ಯಾಕ್‌ನಲ್ಲೂ ಓಡಿತಲ್ಲ" ಎನ್ನುವವರ ಮ್ಯಾಕ್‌ನೊಳಗೆ ಒಂದು ಲಿನಕ್ಸ್ ವರ್ಚುವಲ್ ಯಂತ್ರ ಸದ್ದಿಲ್ಲದೆ ಕೂತಿರುತ್ತದೆ. ಓಡಿದ್ದು ಅದರ ಮೇಲೆ.

ಟವರ್ ಕೋರ್‌ನೊಡನೆ ಮಾತಾಡುವ ಎಸ್‌ಸಿಟಿಪಿಯನ್ನೇ ನೋಡಿ. ಟಿಸಿಪಿ ಬೈಟ್‌ಗಳನ್ನು ಹೊಳೆಯಂತೆ ಹರಿಸುತ್ತದೆ. ಎಸ್‌ಸಿಟಿಪಿ ಸಂದೇಶಕ್ಕೂ ಸಂದೇಶಕ್ಕೂ ಬದು ಉಳಿಸುತ್ತದೆ, ಒಂದು ವಿಳಾಸ ಕೈಕೊಟ್ಟರೆ ಇನ್ನೊಂದರಿಂದ ನಡೆಯುತ್ತದೆ. ಫ್ರೀಬಿಎಸ್‌ಡಿಯಲ್ಲಿ ಅದು 7.0ರಿಂದಲೇ ಕರ್ನಲ್ಲಿನದು. ಮ್ಯಾಕ್ ಕರ್ನಲ್ಲಿನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಯುಎಸ್‌ಆರ್‌ಎಸ್‌ಸಿಟಿಪಿ ಎಂಬ ಲೈಬ್ರರಿಯನ್ನು ಜತೆಗೆ ಕಟ್ಟಿಕೊಳ್ಳಬೇಕು. ಅದಾದರೂ ಎಲ್ಲಿಂದ ಬಂತು? ಫ್ರೀಬಿಎಸ್‌ಡಿ ಕರ್ನಲ್ಲಿನಿಂದಲೇ ಕಿತ್ತು ತಂದ ಸಸಿ. ಕರ್ನಲ್ಲಿಗೂ ಕೋರ್‌ಗೂ ನಡುವೆ ಪ್ಯಾಕೆಟ್ಟು ದಾಟಿಸುವ ಟನ್ ಸಾಧನದ ಕಥೆಯೂ ಹೀಗೆಯೇ. ಮ್ಯಾಕ್‌ನ ಯುಟನ್ ಪ್ರತಿ ಪ್ಯಾಕೆಟ್ಟಿನ ತಲೆಗೆ 4 ಬೈಟ್‌ಗಳ ಗುರುತು ಅಂಟಿಸುತ್ತದೆ, ಲಿನಕ್ಸ್‌ನಲ್ಲಿ ಬೇಡವೆಂದರೆ ಅದಿರುವುದಿಲ್ಲ. ಸಿದ್ಧ ಇಮೇಜು ಇಳಿಸಿದವನಿಗೆ ಈ 4 ಬೈಟ್‌ಗಳು ಜನ್ಮದಲ್ಲಿ ಕಾಣವು.

ಇನ್ನೊಂದು ಪಕ್ಷ ತೈವಾನಿನ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಫ್ರೀ5ಜಿಸಿಯದು. ಗೋ ಭಾಷೆಯ ಕೋರ್. ಡೇಟಾ ಸಾಗಿಸಲು ಜಿಟಿಪಿ5ಜಿ ಎಂಬ ಲಿನಕ್ಸ್ ಕರ್ನಲ್ ಮಾಡ್ಯೂಲ್. ಪ್ಯಾಕೆಟ್ಟುಗಳು ಕರ್ನಲ್ಲಿನಿಂದ ಮೇಲೆ ಹತ್ತಿ ಕೆಳಗಿಳಿಯುವ ದಂಡ ತಪ್ಪುವುದರಿಂದ ವೇಗ ಹೆಚ್ಚು. ಇದನ್ನು ಒಪ್ಪಲೇಬೇಕು. ಆದರೆ ಕರ್ನಲ್ ಬದಲಾದಾಗೆಲ್ಲ ಮಾಡ್ಯೂಲನ್ನು ಮತ್ತೆ ಕಟ್ಟಬೇಕು, ಬಿಎಸ್‌ಡಿಗಳಿಗಂತೂ ಬಾಗಿಲೇ ಮುಚ್ಚಿದೆ. ವೇಗ ಬೇಕಾದವರು ಆ ದಾರಿ ಹಿಡಿಯಲಿ. ಪ್ರಯೋಗಾಲಯದಲ್ಲಿ ಹತ್ತು ಹುಡುಗರಿಗೆ ಕಲಿಸುವವನಿಗೆ ನಿಧಾನವಾದದ್ದೇ ವಾಸಿ.

ನನ್ನ ಫ್ರೀಬಿಎಸ್‌ಡಿ ಕೋರ್ ಅಂತೂ ಎದ್ದು ನಿಂತಿತು. ಪಕ್ಕದ ಲಿನಕ್ಸ್ ಯಂತ್ರದಲ್ಲಿ ಯುಇರಾನ್‌ಸಿಮ್ ಎಂಬ ಹುಸಿ ಟವರು, ಹುಸಿ ಫೋನು. ಫೋನಿಗೆ 10.45ರ ಸಾಲಿನಲ್ಲಿ ವಿಳಾಸವೂ ಸಿಕ್ಕಿತು. ಒಂದು ಪುಟವೂ ತೆರೆಯಲಿಲ್ಲ. ಹಿಂದೆ ನಿಂತಿದ್ದ ವಿದ್ಯಾರ್ಥಿನಿ, "ಸರ್, ಫಾರ್ವರ್ಡಿಂಗ್ ಆನ್ ಮಾಡಿದ್ರಾ?" ಎಂದಳು. ಮಾಡಿರಲಿಲ್ಲ. ಲಿನಕ್ಸ್‌ನ ಐಪಿಟೇಬಲ್ಸ್ ಸಾಲು ಇಲ್ಲಿ ನಡೆಯದು, ಫ್ರೀಬಿಎಸ್‌ಡಿಯ ಪಿಎಫ್ ಫೈರ್‌ವಾಲ್‌ನಲ್ಲಿ ನ್ಯಾಟ್ ನಿಯಮ ಬೇರೆ ಬರೆಯಬೇಕು. ಅವಳೇ ಬರೆದಳು. ಪುಟ ತೆರೆದಾಗ ಮಧ್ಯಾಹ್ನ ಮೂರೂವರೆ, ಕ್ಯಾಂಟೀನು ಮುಚ್ಚಿತ್ತು.