ಶೇಕಡಾ ಎಷ್ಟು ಅಲ್ಲ, ಬೇಕಾದ್ದೇನು ಅಂತ ಕೇಳಿ

ಬೀದರ್‌ನಿಂದ ಮಾತಾಡ್ತಿದೀನಿ.

ಔರಾದ್ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಮಾಮಾ ಇದ್ದಾರೆ. ಯುಡಿಐಡಿ ಕಾರ್ಡಿನಲ್ಲಿ ಅಂಗವೈಕಲ್ಯ ಶೇ 80 ಅಂತಿದೆ. ಒಂದು ಶಿಬಿರದಲ್ಲಿ ಕೈಯಿಂದ ತಿರುಗಿಸೋ ತ್ರಿಚಕ್ರ ಸೈಕಲ್ ಕೊಟ್ಟರು. ಮಾಮಾನ ಕೈಯಲ್ಲೇ ಬಲ ಇಲ್ಲ! ಈಗ ಅದರ ಮೇಲೆ ತೊಗರಿ ಚೀಲ ಕೂತಿದೆ. ಅವರಿಗೆ ಬೇಕಿದ್ದದ್ದು ಎಬ್ಬಿಸಿ ಸ್ನಾನ ಮಾಡಿಸೋರು. ಆ ಕೆಲಸ 20 ವರ್ಷದಿಂದ ಅತ್ತಿಯದೇ. ಅವರಿಗೂ ಈಗ ಸೊಂಟನೋವು.

ನಾನು ಕಾಮರ್ಸ್ ಓದಿದವನು. ಅತ್ತಿಯ ದುಡಿಮೆ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 38ನೇ ಕಲಂ ನೋಡಿ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರೋರು ಹೆಚ್ಚಿನ ನೆರವಿಗೆ ಅರ್ಜಿ ಹಾಕಬಹುದು. ಅವರ ಪರವಾಗಿ ಮನೆಯವರೂ ಹಾಕಬಹುದು. ಎಂಥ ನೆರವು ಬೇಕು ಅಂತ ಮಂಡಳಿಯೊಂದು ಪರಿಶೀಲಿಸಬೇಕು.

ಎಲ್ಲಿಂದ ಶುರು ಮಾಡೋದು? ಭಾಲ್ಕಿಯಾಗಲಿ ಔರಾದ್ ಆಗಲಿ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದ್ರೆ ವಿಆರ್‌ಡಬ್ಲ್ಯೂ ಅವರನ್ನು ಕೇಳಿ. ಹೋಗೋ ಮೊದಲು ಒಂದು ಚೀಟಿ ಬರೀರಿ: ಏಳೋದು, ಊಟ, ಸ್ನಾನ, ಓಡಾಟ, ಯಾವುದಕ್ಕೆ ಎಷ್ಟು ನೆರವು ಬೇಕು. ಅವರನ್ನೇ ಕೇಳಿ ಬರೀರಿ.

ನಾನು ಮಾಮಾನನ್ನೇ ಕೇಳಿದೆ. ಮೊದಲು ಹೇಳಿದ್ದು: "ನಿಮ್ಮ ಅತ್ತಿಗೆ ವಾರಕ್ಕೊಂದಿನ ರಜೆ."