ಮಂಗಳೂರಿನ ಮುತ್ತಿಗೆ



1783ನೆಯ ಇಸವಿಯ ಮೇ ತಿಂಗಳಿನಲ್ಲಿ ಟೀಪು ಸುಲ್ತಾನನ ಸೈನ್ಯವು ಕಡಲತೀರದ ಮಂಗಳೂರು ಕೋಟೆಯನ್ನು ಮುತ್ತಿತು. ಒಳಗೆ ಕರ್ನಲ್ ಕ್ಯಾಂಬೆಲ್ಲನ ಅಧೀನದಲ್ಲಿದ್ದ ಕಂಪೆನಿಯ ದಂಡಿನಲ್ಲಿ ಹೆಚ್ಚಿನವರು ಈ ದೇಶದ ಸಿಪಾಯಿಗಳೇ. ಗೋಡೆಯ ಎರಡು ಕಡೆಗಳಲ್ಲಿಯೂ ಒಂದೇ ನೆಲದ ಮಕ್ಕಳು ನಿಂತಿದ್ದರು. ಆಗಸ್ಟಿನಲ್ಲಿ ಯುದ್ಧವಿರಾಮವಾಗಿ ತೋಪುಗಳು ನಿಂತರೂ ಹಸಿವು ನಿಲ್ಲಲಿಲ್ಲ. ಹಡಗುಗಳು ತಂದ ಧಾನ್ಯವು ಸಾಲದಾಯಿತು; ರೋಗವು ಹಬ್ಬಿತು. 1784ರ ಜನವರಿ 30ರಂದು ಕೋಟೆಯು ವಶವಾಯಿತು. ಮಾರ್ಚ್ 11ರಂದು ಅದೇ ಊರಿನಲ್ಲಿ ಒಪ್ಪಂದವಾಗಿ, ಉಭಯರೂ ತಾವು ಗೆದ್ದ ಸೀಮೆಗಳನ್ನು ಹಿಂದಕ್ಕೆ ಕೊಟ್ಟರು. ಸೀಮೆಗಳು ಮರಳಿದುವು, ಮಡಿದವರು ಮರಳಲಿಲ್ಲ.

ಅಶೋಕನ ಹೆಸರನ್ನು ಹೊತ್ತ ಬಂಡೆಯಿರುವ ಮಸ್ಕಿಯವರು ನಾವು. ಕಳಿಂಗದ ಬಳಿಕ ಆ ಅರಸನು ಪಟ್ಟ ಪಶ್ಚಾತ್ತಾಪವನ್ನು ನೆನೆದು, ಯಾವ ಯುದ್ಧದ ಕಥೆಯಲ್ಲಿಯೂ ಗೆಲವಿಗಿಂತ ಮೊದಲು ಹಸಿದವರ ಲೆಕ್ಕವನ್ನು ಕೇಳೋಣ.