ಹಿರಿಯರ ಭಾವಚಿತ್ರಕ್ಕೆ ಬೇಕಾದ ಸಾಮಗ್ರಿ

(ನಮ್ಮ ಸಂಘದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)



ಎಪ್ಪತ್ತು ವರ್ಷ ದಾಟಿದ ನಮ್ಮ ಸದಸ್ಯರೆಲ್ಲರ ಭಾವಚಿತ್ರಗಳನ್ನು ಒಂದು ಭಾನುವಾರ ಉಚಿತವಾಗಿ ತೆಗೆದು, ಅಚ್ಚಾದ ಚಿತ್ರವನ್ನು ಅಂದೇ ಅವರ ಕೈಯಲ್ಲಿಡಬೇಕೆಂದು ಕಾರ್ಯಕಾರಿ ಸಮಿತಿ ನಿಶ್ಚಯಿಸಿದೆ. ಇದಕ್ಕೆ ಬೇಕಾದ ಸಾಮಗ್ರಿ ಏನೆಂಬುದನ್ನು ತಿಳಿಸುವ ಹೊಣೆಯನ್ನು ನನಗೆ ವಹಿಸಿದ್ದೀರಿ. ಕೂಡಿರುವ ಹಣದಲ್ಲಿ ಒಳ್ಳೆಯದೊಂದು ಹೊಸ ಕ್ಯಾಮರಾ ಕೊಳ್ಳೋಣವೆಂಬ ಸಲಹೆಯೂ ನಮ್ಮ ಮುಂದಿದೆ. ಆ ಸಲಹೆಯನ್ನು ವಿರೋಧಿಸುವುದಕ್ಕಾಗಿಯೇ ನಾನು ಎದ್ದು ನಿಂತಿದ್ದೇನೆ; ಸಲಹೆ ಕೊಟ್ಟ ಮಿತ್ರರು ಕ್ಷಮಿಸಬೇಕು.

ಮೊದಲು ನಮ್ಮ ಮನೆಗಳ ಸ್ಥಿತಿಯನ್ನು ನೆನೆಯೋಣ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವಷ್ಟೆ. ಓದಿಗೆಂದೋ ನೌಕರಿಗೆಂದೋ ರಾಜಧಾನಿಯಾಗಿದ್ದ ಈ ನಗರಕ್ಕೆ ಬಂದ ಎಷ್ಟೋ ಕುಟುಂಬಗಳು ಗಡಿ ಬದಲಾದ ಮೇಲೂ ಇಲ್ಲಿಯೇ ನಿಂತವು. ಆ ಪೀಳಿಗೆಯಲ್ಲಿ ಈಗ ಉಳಿದವರು ಕೆಲವರೇ. ಅವರ ಮಕ್ಕಳ, ಮೊಮ್ಮಕ್ಕಳ ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ಆದರೆ ಅಜ್ಜಿಯೊಬ್ಬಳೇ ನೆಮ್ಮದಿಯಿಂದ ಕುಳಿತ ಚಿತ್ರ ಒಂದಿದ್ದರೆ ಪುಣ್ಯ. ಕೊನೆಗೆ ಹಾರ ಹಾಕಲು ಪಟ ಬೇಕಾದಾಗ ಮದುವೆಯ ಗುಂಪಿನಿಂದ ಮುಖವೊಂದನ್ನು ಕತ್ತರಿಸುತ್ತಾರೆ, ಪಕ್ಕದವರ ಭುಜದ ತುಂಡು ಅದರಲ್ಲಿ ಉಳಿದೇ ಇರುತ್ತದೆ. ಇಲ್ಲವೆ, ಆಧಾರ್ ಚೀಟಿಯ ಚಿತ್ರವನ್ನೇ ಹಿಗ್ಗಿಸುತ್ತಾರೆ. ನಮ್ಮನ್ನು ಸಾಕಿ ಬೆಳೆಸಿದವರು ಗೋಡೆಯ ಮೇಲೆ ಅಪರಿಚಿತರಂತೆ ನಮ್ಮನ್ನು ನೋಡುವುದು ಹೀಗೆ.

ಇಂಥ ಸೇವೆ ಹೊಸತೇನಲ್ಲ. ಅಮೆರಿಕದ ನ್ಯಾಶ್‌ವಿಲ್ ನಗರದ ಛಾಯಾಗ್ರಾಹಕ ಜೆರೆಮಿ ಕವರ್ಟ್ ‘ಹೆಲ್ಪ್-ಪೋರ್ಟ್ರೇಟ್’ ಎಂಬ ಹೆಸರಿನಲ್ಲಿ ಆರಂಭಿಸಿದ ಕಾರ್ಯ 2009ರ ಡಿಸೆಂಬರಿನಲ್ಲಿ ಅನೇಕ ದೇಶಗಳಲ್ಲಿ ಏಕಕಾಲಕ್ಕೆ ನಡೆಯಿತು. ಚಿತ್ರ ಇರುವುದು ತೆಗೆದವನ ಪ್ರದರ್ಶನಕ್ಕಲ್ಲ, ಕುಳಿತವರ ಕೈಗೆ ಕೊಡಲಿಕ್ಕೆ ಎಂಬುದೇ ಅಲ್ಲಿಯ ನಿಯಮ. ಈ ಒಂದು ನಿಯಮವನ್ನು ಒಪ್ಪಿದರೆ ಸಾಮಗ್ರಿಯ ಆಯ್ಕೆ ಅರ್ಧ ಮುಗಿದಂತೆ.

ಹೇಗೆನ್ನುವಿರೊ? ಕೈಗೆ ಕೊಡುವ ಚಿತ್ರ ಆರಂಗುಲಕ್ಕೆ ನಾಲ್ಕಂಗುಲದ್ದು. ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚು ಮಾಡಿದರೂ ಅದಕ್ಕೆ ಬೇಕಾದದ್ದು 1800ಕ್ಕೆ 1200, ಎಂದರೆ ಸುಮಾರು 22 ಲಕ್ಷ ಪಿಕ್ಸೆಲ್. ಗೋಡೆಗೆ ತೂಗುಹಾಕುವ ಎಂಟಕ್ಕೆ ಹನ್ನೆರಡು ಅಂಗುಲದ ಪಟಕ್ಕೂ 86 ಲಕ್ಷ ಸಾಕು. ನಮ್ಮ ಸದಸ್ಯರ ಮನೆಯ ಅಲಮಾರುಗಳಲ್ಲಿ ನಿದ್ರಿಸುತ್ತಿರುವ ಹತ್ತು ವರ್ಷದ ಹಳೆಯ ಕ್ಯಾಮರಾಗಳು ಇದಕ್ಕಿಂತ ಹೆಚ್ಚಿನ ಶಕ್ತಿಯವು. ಅಂಥ ಎರಡನ್ನು ಎರವಲು ತನ್ನಿ. ಎರಡು ಏಕೆಂದರೆ, ಒಂದು ಕೈಕೊಟ್ಟಾಗ ಎಂಬತ್ತು ವರ್ಷದವರನ್ನು ‘ಮುಂದಿನ ವರ್ಷ ಬನ್ನಿ’ ಎಂದು ಕಳುಹಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಲೆನ್ಸಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಬೇಕು. ಮೂಗಿನ ತುದಿಗೂ ಕಿವಿಗೂ ಸುಮಾರು ಐದಂಗುಲದ ಅಂತರವಿರುತ್ತದೆ. ಕ್ಯಾಮರಾ ಮುಖದಿಂದ ಒಂದೂವರೆ ಅಡಿಯಲ್ಲಿದ್ದರೆ ಆ ಐದಂಗುಲವು ದೂರದ ಕಾಲು ಭಾಗಕ್ಕಿಂತಲೂ ಹೆಚ್ಚು; ಆದ್ದರಿಂದ ಮೂಗು ಉಬ್ಬಿ, ಕಿವಿಗಳು ಹಿಂದಕ್ಕೆ ಸರಿದಂತೆ ಕಾಣುತ್ತವೆ. ಆರಡಿಗೆ ಸರಿದರೆ ಅದೇ ಐದಂಗುಲ ದೂರದ ಹದಿನಾಲ್ಕನೆಯ ಒಂದು ಪಾಲಾಗಿ, ಮುಖ ನಾವು ಕಂಡಂತೆಯೇ ಬರುತ್ತದೆ. ಫೋನಿನ ಮುಖ್ಯ ಲೆನ್ಸು ಅಗಲ ನೋಟದ್ದಾದ್ದರಿಂದ ಮುಖ ತುಂಬಬೇಕಾದರೆ ಹತ್ತಿರ ಹೋಗಲೇಬೇಕು. ‘ಫೋನಿನಲ್ಲಿ ನನ್ನ ಮೂಗು ದಪ್ಪ’ ಎಂದು ಗೊಣಗುವವರ ದೂರು ನ್ಯಾಯವಾದದ್ದೆ. ಆರಡಿಯಿಂದ ಎದೆಮಟ್ಟದ ಚಿತ್ರಕ್ಕೆ ಪೂರ್ಣ ಚೌಕಟ್ಟಿನ ಕ್ಯಾಮರಾಕ್ಕೆ 85 ಮಿಲಿಮೀಟರಿನ ಲೆನ್ಸು, ಚಿಕ್ಕ ಸಂವೇದಕವುಳ್ಳ ಸಾಮಾನ್ಯ ಕ್ಯಾಮರಾಕ್ಕೆ 50 ಮಿಲಿಮೀಟರಿನದು ಅನುಕೂಲ. ಈ ಎರಡನೆಯದು ಲೆನ್ಸುಗಳಲ್ಲಿ ಅತ್ಯಂತ ಅಗ್ಗದವುಗಳಲ್ಲೊಂದು. ಏನನ್ನಾದರೂ ಕೊಳ್ಳಲೇಬೇಕೆಂಬ ಹಟವಿದ್ದರೆ ಇದನ್ನು ಕೊಳ್ಳಿ.

ತರುಣ ಮಿತ್ರರಿಗೆ ಹಿನ್ನೆಲೆಯನ್ನು ಮಸುಕು ಮಾಡುವ ಹುಚ್ಚು ಹೆಚ್ಚು. 85 ಮಿಲಿಮೀಟರಿನ ಲೆನ್ಸನ್ನು ಎಫ್ 1.8ಕ್ಕೆ ತೆರೆದಿಟ್ಟರೆ ಆರೇಳು ಅಡಿಯಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಆರು ಸೆಂಟಿಮೀಟರು ಮಾತ್ರ. ವಯಸ್ಸಾದವರು ಕುಳಿತಲ್ಲಿಯೇ ತುಸು ಹಿಂದುಮುಂದು ತೂಗುತ್ತಾರೆ. ಕಣ್ಣು ಹೋಗಿ ಕಿವಿಯೋಲೆ ಮಾತ್ರ ಸ್ಪಷ್ಟವಾಗುತ್ತದೆ. ಎಫ್ 8 ಇಡಿ. ದಂಪತಿಗಳು ಜೊತೆಯಾಗಿ ಕುಳಿತರೂ ಇಬ್ಬರೂ ಸ್ಪಷ್ಟವಾಗಿ ಬರುತ್ತಾರೆ.

ಆದರೆ ಎಫ್ 8ಕ್ಕೆ ಬೆಳಕು ಬೇಕು. ಹಣ ಹೋಗಬೇಕಾದದ್ದು ಇಲ್ಲಿಗೆ. ನಮ್ಮ ಸಭಾಂಗಣದ ಟ್ಯೂಬ್‌ಲೈಟುಗಳು ತಲೆಯ ಮೇಲಿಂದ ಬಿದ್ದು ಕಣ್ಣುಗಳನ್ನು ಕುಳಿಗಳನ್ನಾಗಿ ಮಾಡುತ್ತವೆ. ಅವನ್ನು ಆರಿಸಿಬಿಡಿ. ಒಂದು ಫ್ಲಾಶು, ಅದಕ್ಕೊಂದು ಸ್ಟ್ಯಾಂಡು, ಮೂರೂವರೆ ಅಡಿ ಅಗಲದ ಬಿಳಿಯ ಕೊಡೆ, ಇಷ್ಟೇ ಸಾಕು. ಫ್ಲಾಶಿನ ಬೆಳಕು ಬಿಳಿ ಬಟ್ಟೆಯ ಮೂಲಕ ಹಾಯ್ದು ಕಿಟಕಿಯ ಬೆಳಕಿನಂತೆ ಮೆದುವಾಗುತ್ತದೆ. ಸದಾ ಉರಿಯುವ ಎಲ್‌ಇಡಿ ದೀಪವಿಡೋಣವೆಂದು ಕೆಲವರು ಹೇಳುತ್ತಾರೆ. ಕಣ್ಣಿಗೆ ಎದುರಾಗಿ ಐದು ನಿಮಿಷ ಅದನ್ನಿಟ್ಟರೆ ಹಿರಿಯರು ಕಣ್ಣು ಕಿರಿದು ಮಾಡುತ್ತಾರೆ. ಫ್ಲಾಶು ಕ್ಷಣಮಾತ್ರದ್ದಾದುದರಿಂದ ಕೈ, ಕತ್ತು ನಡುಗುವವರ ಚಿತ್ರವೂ ಅಲುಗದೆ ಬರುತ್ತದೆ. ಷಟರಿನ ವೇಗ 125ರಲ್ಲಿ ಒಂದು ಸೆಕೆಂಡಿರಲಿ. ಕೊಡೆಯನ್ನು ಮುಖದಿಂದ ನಾಲ್ಕಡಿಯಲ್ಲಿ, ಒಂದು ಪಕ್ಕಕ್ಕೆ, ಕಣ್ಣಿಗಿಂತ ಎತ್ತರದಲ್ಲಿಡಿ. ಎಂಟಡಿಗೆ ಸರಿಸಿದರೆ ಬೆಳಕು ಅರ್ಧವಲ್ಲ, ಕಾಲುಪಾಲಾಗುತ್ತದೆ. ಇನ್ನೊಂದು ಪಕ್ಕಕ್ಕೆ ಥರ್ಮಾಕೋಲಿನ ಬಿಳಿ ಹಲಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಸ್ಟ್ಯಾಂಡಿನ ಬುಡಕ್ಕೆ ಐದು ಕಿಲೊ ಅಕ್ಕಿಯ ಚೀಲ ಕಟ್ಟಿರಿ, ಮಕ್ಕಳು ಓಡಾಡುವ ಜಾಗ. ಸಂಜೆ ಆ ಅಕ್ಕಿ ಬಿಸಿಬೇಳೆಭಾತಿಗಾದೀತು.

ಕನ್ನಡಕ ತೆಗೆಯಿರೆಂದು ಯಾರಿಗೂ ಹೇಳಬೇಡಿ. ಮೊಮ್ಮಕ್ಕಳಿಗೆ ಗೊತ್ತಿರುವುದು ಕನ್ನಡಕದ ಅಜ್ಜ. ಗಾಜಿನಲ್ಲಿ ಹೊಳಪು ಕಂಡರೆ ಕೊಡೆಯನ್ನು ಇನ್ನಷ್ಟು ಮೇಲೇರಿಸಿ, ಗಲ್ಲವನ್ನು ತುಸು ತಗ್ಗಿಸಲು ಹೇಳಿ.

ಹಿನ್ನೆಲೆಗೆ ಬೂದುಬಣ್ಣದ ಮಡಿಕೆಯಿಲ್ಲದ ಬಟ್ಟೆ, ಕುಳಿತವರಿಂದ ಐದಡಿ ಹಿಂದೆ. ಕೂರಲು ಗಟ್ಟಿಯಾದ, ಕೈಗಳಿರುವ ಕುರ್ಚಿ. ಸ್ಟುಡಿಯೊಗಳ ಎತ್ತರದ ಸ್ಟೂಲು ಬೇಡವೇ ಬೇಡ.

ಕ್ಯಾಮರಾದ ಹಿಂದೆ ಯಾರಿರಬೇಕೆಂಬುದೂ ಸಾಮಗ್ರಿಯ ಆಯ್ಕೆಯಷ್ಟೇ ಮುಖ್ಯ. ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳರು 1892ರಲ್ಲಿ ಇದೇ ನಗರದಲ್ಲಿ ಸ್ತ್ರೀಯರಿಗಾಗಿಯೇ ಜನಾನಾ ಸ್ಟುಡಿಯೊ ತೆರೆದು, ಅದನ್ನು ನಡೆಸಲು ಮಹಿಳೆಯೊಬ್ಬರನ್ನು ನೇಮಿಸಿದ್ದರು. ಪರದೆಯ ಕಾಲ ಹೋಯಿತು, ಸಂಕೋಚ ಹೋಗಿಲ್ಲ. ‘ಸಾಯೂ ಮುದುಕಿದು ಫೋಟೊ ಯಾಕ ತಗೀತೀರಿ?’ ಎನ್ನುವ ತಾಯಿಗೆ, ‘ಸೆರಗು ಸರಿ ಮಾಡ್ಲೇನವ್ವಾ, ಚಂದ ಕಾಣ್ತೀರಿ’ ಎಂದು ಹೇಳಿ ಸೆರಗು ಮುಟ್ಟಬಲ್ಲವಳು ಸೊಸೆಯ ವಯಸ್ಸಿನ ಹೆಣ್ಣುಮಗಳೊಬ್ಬಳೇ. ಎರಡು ಕ್ಯಾಮರಾಗಳಲ್ಲಿ ಒಂದು ಮಹಿಳಾ ವಿಭಾಗದವರ ವಶದಲ್ಲಿರಲಿ.

ಉಳಿದ ಹಣವೆಲ್ಲ ಅಚ್ಚಿಗೆ. ಶಾಖದಿಂದ ಬಣ್ಣವನ್ನು ಕಾಗದಕ್ಕೇರಿಸುವ ಚಿಕ್ಕ ಮುದ್ರಣಯಂತ್ರ ಸುಮಾರು ಒಂದು ನಿಮಿಷಕ್ಕೊಂದು ಚಿತ್ರ ಕೊಡುತ್ತದೆ, ಒದ್ದೆಯಿರುವುದಿಲ್ಲ. ಇದರ ಕಾಗದ, ರಿಬ್ಬನ್ನು ಎಣಿಕೆಯ ಲೆಕ್ಕದಲ್ಲಿ ಬರುತ್ತವೆ. ನೂರಕ್ಕೆ ಇಪ್ಪತ್ತೈದು ಹೆಚ್ಚಿಗೆ ತರಿಸಿ. ಅರುವತ್ತು ಮಂದಿ, ತಲಾ ಐದು ನಿಮಿಷವೆಂದರೆ ಐದು ಗಂಟೆ. ಎರಡು ಕುರ್ಚಿಗಳಿಗೆ ಹಂಚಿದರೆ ಎರಡೂವರೆ. ಫ್ಲಾಶಿಗೆ ಮರುಚಾರ್ಜಿನ ಬ್ಯಾಟರಿಗಳ ಎರಡು ಜೊತೆ ಇಟ್ಟುಕೊಳ್ಳಿ, ಕಾರ್ಡಿನಲ್ಲಿರುವುದನ್ನು ಊಟಕ್ಕೇಳುವ ಮೊದಲೇ ಎರಡು ಕಡೆ ನಕಲು ಮಾಡಿರಿ.

ಚಿತ್ರವನ್ನು ಬರಿಗೈಯಲ್ಲಿ ಕೊಡದೆ ದಪ್ಪ ಕಾಗದದ ಮಡಿಕೆಯಲ್ಲಿಟ್ಟು ಕೊಡಿ. ಅದರ ಒಳಮೈ ಮೇಲೆ ಹೆಸರು, ತವರೂರು, ವರ್ಷ ಇವನ್ನು ಕನ್ನಡದಲ್ಲಿ ಬರೆಯಬೇಕು. ಊರು ಯಾವುದೆಂದು ಕೇಳಿದೊಡನೆ ಕೆಲವರು ಊರಿನ ಹೆಸರಿಗೇ ನಿಲ್ಲುವುದಿಲ್ಲ. ಓಣಿ, ಬಾವಿ, ಸಂತೆಯ ದಿನ, ಎಲ್ಲ ಹೇಳಿಯೇ ಮುಗಿಸುತ್ತಾರೆ. ಆದಕಾರಣ ಬರೆಯುವ ಮೇಜನ್ನು ಕ್ಯಾಮರಾದ ಹತ್ತಿರ ಇಡಬೇಡಿ. ಚಹದ ಮೇಜಿನ ಪಕ್ಕದಲ್ಲಿಡಿ, ಎರಡು ಕುರ್ಚಿ ಹೆಚ್ಚಿಗೆ ಹಾಕಿ, ಬಿಡುವಾಗಿ ಕೇಳಬಲ್ಲವರನ್ನು ಅಲ್ಲಿ ಕೂರಿಸಿ.